ಕೆಂಪು ಸುತ್ತು ಇಲ್ಲದ ಪೇಪರು

“ಮಿಸ್, ಈ ಪೇಪರು ನಂದಲ್ಲ.”

ಒಂಬತ್ತನೇ ತರಗತಿಯ ಗೌರಿ, ನಾನು ಆಗಷ್ಟೇ ಹಂಚಿದ್ದ ಗಣಿತದ ಉತ್ತರಪತ್ರಿಕೆಯನ್ನು ತಂದು ಮೇಜಿನ ಮೇಲಿಟ್ಟಳು. ಹೆಸರು ಅವಳದೇ, ಅಕ್ಷರವೂ ಅವಳದೇ. ಅಂಕ ಮೂವತ್ತೆಂಟು. ಫೇಲಾದವರ ಅಂಕಕ್ಕೆ ಹಾಕುವ ಕೆಂಪು ಸುತ್ತು ಕಾಣದ್ದರಿಂದ ಬೇರೆ ಯಾರದೋ ಪೇಪರು ಬಂದಿದೆ ಎಂದುಕೊಂಡಿದ್ದಳು.

ಗೆಂಡೆಹಳ್ಳಿ ಕಡೆಯ ಆ ಹೈಸ್ಕೂಲಿಗೆ ನಾನು ಹೊಸಬಳು. ಯಾವ ಪುಣ್ಯಾತ್ಮ ಆ ಪದ್ಧತಿ ತಂದಿದ್ದನೋ, ಪ್ರತಿ ಟೆಸ್ಟ್ ಆದ ಮೇಲೆ ಮಕ್ಕಳನ್ನು ಅಂಕದ ಪ್ರಕಾರ ಕೂರಿಸುತ್ತಿದ್ದರು. ಫೇಲಾದವರಿಗೆ ಗೋಡೆ ಪಕ್ಕದ ಕೊನೆಯ ಬೆಂಚು. ಎಲ್ಲರ ಬಾಯಲ್ಲೂ ಅದು ಡುಮ್ಕಿ ಬೆಂಚು. ಗೌರಿ ಎಂಟನೇ ತರಗತಿಯಿಂದಲೂ ಅಲ್ಲೇ ಕೂತವಳು.

“ನಿಂದೇ ಕಣೇ, ಪಾಸಾಗಿದ್ದೀಯ. ಚೀಲ ತಗೊಂಡು ಮುಂದೆ ಬಾ” ಎಂದೆ. ಮುಖ ಅರಳೀತು ಎಂದುಕೊಂಡಿದ್ದೆ. ಅವಳ ಕಣ್ಣು ತುಂಬಿತು.

“ಬ್ಯಾಡ ಮಿಸ್. ಮುಂದಿನ್ ಟೆಸ್ಟಲ್ಲಿ ಹೆಂಗೂ ಡುಮ್ಕಿನೇ. ಆಗ ಎಲ್ರ ಎದುರ್ಗೆ ಚೀಲ ಎತ್ಕಂಡು ಹಿಂದಕ್ಕೆ ಹೋಗ್ಬೇಕಲ್ಲ. ಅಲ್ಲೇ ಇದ್ಬುಡ್ತೀನಿ.”

ಮುಂದಿನ ಟೆಸ್ಟಿನಲ್ಲಿ ಗೌರಿ ಖಾಲಿ ಹಾಳೆ ಕೊಟ್ಟಳು. ಮೇಲೆ ತನ್ನ ಹೆಸರು ಬರೆದು, ಅಂಕ ಹಾಕುವ ಜಾಗದಲ್ಲಿ ಕೆಂಪು ಸುತ್ತನ್ನು ತಾನೇ ಎಳೆದಿದ್ದಳು. ನನಗೆ ತಿದ್ದಲು ಏನೂ ಉಳಿದಿರಲಿಲ್ಲ.