ಖಾಲಿ ಹಾಳೆಗೆ ಸಹಿ ಹಾಕದ ಇಸ್ತ್ರಿಯಮ್ಮ

ಆಕೆಯ ಬಲಗೈ ತೋರುಬೆರಳಿನ ತುದಿ ಹೊಳೆಯುತ್ತಿತ್ತು. ಅಲ್ಲಿನ ಚರ್ಮ ಸುಟ್ಟು, ಬೆಳೆದು, ಮತ್ತೆ ಸುಟ್ಟು, ಕೊನೆಗೆ ಹುಣಸೆಬೀಜದ ಹಾಗೆ ನುಣುಪಾಗಿ ಗಟ್ಟಿಯಾಗಿತ್ತು. ಬೆರಳನ್ನು ನಾಲಗೆಗೆ ತಾಗಿಸಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಮುಟ್ಟಿಸುವಳು. ‘ಚುಯ್’ ಎಂದರೆ ಹತ್ತಿ ಬಟ್ಟೆಗೆ ಸರಿ, ಸದ್ದು ಸಣ್ಣಗೆ ಬಂದರೆ ರೇಷ್ಮೆಗೆ. ಅದೇ ಬೆರಳನ್ನು ಅಕ್ಷರದ ಕೆಳಗೆ ಸರಿಸುತ್ತಾ ಆಕೆ ಓದುತ್ತಿದ್ದಳು. ಓದಿದ್ದು ನಾಲ್ಕನೆಯ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ, ಯಾರ ಅವಸರಕ್ಕೂ ಬಗ್ಗದೆ ಓದುವಳು.

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ಆಕೆಯ ತಳ್ಳುಗಾಡಿ ನಿಲ್ಲುತ್ತಿತ್ತು. ಬೀದಿಗೆಲ್ಲ ಇಸ್ತ್ರಿಯಮ್ಮ. ಆಕೆಯ ಮಗಳೂ ನನ್ನ ಮಗಳೂ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದೇ ಬೆಂಚು. ನನ್ನ ಯಜಮಾನರು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಕಾನ್ವೆಂಟು ನಮ್ಮ ಕೈಗೆ ಎಟುಕುವಂಥದಾಗಿರಲಿಲ್ಲ. ಸುಳ್ಳು ಹೇಳಬಾರದು, ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿದ್ದಕ್ಕೆ ಮೊದಲ ವರ್ಷವೆಲ್ಲ ನನಗೆ ನಾಚಿಕೆಯಿತ್ತು. ನೆಂಟರು ಕೇಳಿದರೆ ‘ಹತ್ತಿರದ ಶಾಲೆ’ ಎಂದು ಮಾತು ಮುಗಿಸುತ್ತಿದ್ದೆ. ಶಾಲೆ ಹತ್ತಿರವಿತ್ತು, ಮೇಷ್ಟ್ರುಗಳು ಹೊಡೆಯುತ್ತಿರಲಿಲ್ಲ, ಮಗಳು ನಗುತ್ತಾ ಹೋಗಿ ನಗುತ್ತಾ ಬರುತ್ತಿದ್ದಳು. ದೇವರು ಕೊಟ್ಟ ಇಂಥ ಸಣ್ಣಪುಟ್ಟ ಒಳ್ಳೆಯದನ್ನು ದೀಪ ಹಚ್ಚುವಾಗ ಒಂದೊಂದಾಗಿ ನೆನೆಯುವುದು ನನ್ನ ಅಭ್ಯಾಸ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಇಸ್ತ್ರಿಯಮ್ಮನಿಗೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸಂಜೆ ಮಗಳು ಬಂದ ಕೂಡಲೇ ನೋಟ್‌ಬುಕ್ಕನ್ನು ಗಾಡಿಯ ಮೇಲೆ ಬಿಡಿಸಿ ಕೆಂಪು ಇಂಕು ಹುಡುಕುವಳು. ನಾಲ್ಕು ದಿನ ಕೆಂಪು ಕಾಣದಿದ್ದರೆ ಐದನೆಯ ದಿನ ಶಾಲೆಯ ಬಾಗಿಲಲ್ಲಿ ನಿಂತಿರುವಳು. ಜಗಳಕ್ಕಲ್ಲ. ‘ಮೇಡಂ, ಮಗು ಬರ್ದೈತೆ, ನೀವೊಂದ್ಸಲ ಕಣ್ಣಾಡಿಸ್ಬಿಟ್ರೆ’ ಎಂದಷ್ಟೇ. ಹಾಗೆಂದು ತಪ್ಪನ್ನೆಲ್ಲ ಶಾಲೆಯ ತಲೆಗೆ ಕಟ್ಟಿದವಳೂ ಅಲ್ಲ. ಒಮ್ಮೆ ತಂಗಿಯ ಮದುವೆಗೆಂದು ಮಗಳನ್ನು ಒಂದು ವಾರ ಶಾಲೆ ಬಿಡಿಸಿಕೊಂಡಿದ್ದಳು. ಮೇಡಂ ಹುಡುಗಿಯನ್ನು ನಿಲ್ಲಿಸಿ ಗದರಿದರಂತೆ. ಮರುದಿನ ಆಕೆಯೇ ಹೋಗಿ, ‘ಮನೇಲಿ ಇಟ್ಕೊಂಡಿದ್ದು ನಾನು. ಬೈಯೋದಿದ್ರೆ ನನ್ನ ಬೈಯಿರಿ’ ಎಂದು ಬಂದಳು. ಆಮೇಲೆ ಮಗಳನ್ನು ಬಿಡಿಸಿದ್ದು ನಾನು ಕಂಡಿಲ್ಲ.

ಬಟ್ಟೆ ಇಸ್ತ್ರಿ ಮಾಡುವ ಮೊದಲು ಪ್ರತಿಯೊಂದು ಜೇಬಿಗೂ ಕೈಹಾಕಿ ನೋಡುವುದು ಆಕೆಯ ಇನ್ನೊಂದು ಪದ್ಧತಿ. ನಮ್ಮವರ ಅಂಗಿಯಲ್ಲಿ ಒಮ್ಮೆ ಮಂತ್ರಾಕ್ಷತೆಯ ಪೊಟ್ಟಣ ಸಿಕ್ಕಿತ್ತು. ‘ನೋಡದೆ ಇಸ್ತ್ರಿ ಇಟ್ರೆ ಸುಡೋದು ನಿಮ್ಮ ಬಟ್ಟೆ, ಆದ್ರೆ ಕೆಡೋ ಹೆಸರು ನಂದು’ ಎಂದು ಅದನ್ನು ಎರಡೂ ಕೈಯಲ್ಲಿ ತಂದುಕೊಟ್ಟಳು.

ಆ ಕಾಲದಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಅಭಿವೃದ್ಧಿ ಸಮಿತಿ ಅಂತ ಬಂತು. ಮಕ್ಕಳ ತಂದೆತಾಯಿಗಳೇ ಅದರ ಸದಸ್ಯರು. ಎಸ್ಸೆಸ್ಸೆಲ್ಸಿ ಆಗಿದೆ ಎಂದು ನನ್ನನ್ನು ಸೇರಿಸಿದರು. ಇಸ್ತ್ರಿಯಮ್ಮ ತಾನೇ ಕೈಯೆತ್ತಿ ಸೇರಿಕೊಂಡಳು. ಸಭೆಯಲ್ಲಿ ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಬೇಕು. ಪುಸ್ತಕ ಆಕೆಯ ಕೈಗೆ ಬಂದರೆ ಮುಗಿಯಿತು, ಬೆರಳು ಮೊದಲ ಸಾಲಿನಿಂದ ಹೊರಡುತ್ತಿತ್ತು. ಎಲ್ಲರೂ ಕಾಯಬೇಕು. ಒಮ್ಮೆ ಒಂದು ಮಗುವಿನ ತಂದೆ ಗಡಿಯಾರ ನೋಡಿಕೊಂಡು ಚುಚ್ಚಿದರು: ‘ಈಯಮ್ಮ ಓದಿ ಮುಗಿಸೋ ಹೊತ್ತಿಗೆ ನಮ್ಮ ಮಕ್ಳು ಎಸ್ಸೆಸ್ಸೆಲ್ಸಿ ಪಾಸಾಗಿರ್ತಾರೆ.’

‘ಆಗ್ಲಿ ಬಿಡಣ್ಣ, ಅದಕ್ಕೇ ತಾನೆ ಓದ್ತಿರೋದು’ ಎಂದಳು, ಬೆರಳು ಎತ್ತದೆ.

ನಾನೂ ನಕ್ಕಿದ್ದೆ. ಹಾಗೆ ಚುಚ್ಚಿದವರ ಜೊತೆಗೇ ನಕ್ಕಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಮಕ್ಕಳು ಐದನೆಯ ಕ್ಲಾಸಿನಲ್ಲಿದ್ದ ವರ್ಷ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸಮಿತಿಯ ಸಭೆ ನಿಗದಿಯಾಗಿತ್ತು. ಕಳಶಕ್ಕೆ ತೆಂಗಿನಕಾಯಿ, ಹೂವು ಹಿಡಿದು ಓಡುತ್ತಿದ್ದವಳನ್ನು ಹೆಡ್‌ಮಾಸ್ಟರು ಗೇಟಿನಲ್ಲೇ ಕಂಡರು. ಒಳ್ಳೆಯ ಮನುಷ್ಯರು. ‘ಹಬ್ಬದ ಮನೆ, ನೀವು ಕೂರೋದೇನೂ ಬೇಡಮ್ಮ. ಇಲ್ಲೊಂದು ಸಹಿ ಹಾಕಿ ಹೋಗಿ, ಮಿಕ್ಕಿದ್ದು ನಾನು ಬರ್ಕೋತೀನಿ’ ಎಂದರು. ಪುಟ ಖಾಲಿಯಿತ್ತು. ಗುರುಸ್ಥಾನದಲ್ಲಿರುವವರು ಕೇಳಿದಾಗ ‘ಏನು ಬರೀತೀರಿ’ ಎನ್ನುವುದು ಹೇಗೆ? ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಹಿ ಹಾಕಿದೆ. ಅರ್ಧ ದಿನ ಉಳಿಯಿತಲ್ಲ, ಲಕ್ಷ್ಮಿಯೇ ಮಾಡಿದ ಉಪಕಾರ ಎಂದು ಸಂಜೆ ದೀಪದ ಮುಂದೆ ಅದನ್ನೂ ನೆನೆದೆ. ಇನ್ನೂ ಕೆಲವರು ಹಾಗೆಯೇ ಸಹಿ ಹಾಕಿದರು. ಇಸ್ತ್ರಿಯಮ್ಮ ಮಾತ್ರ, ಗಾಡಿಯ ಹತ್ತಿರ ಬಂದ ಪುಸ್ತಕವನ್ನು ಹಾಗೆಯೇ ವಾಪಸು ಕೊಟ್ಟಳಂತೆ. ‘ಇದ್ರಲ್ಲಿ ಓದೋಕೇನಿಲ್ವಲ್ಲ ಸಾರ್. ಬರೆದಾದ್ಮೇಲೆ ತನ್ನಿ.’ ಅವರು ತರಲಿಲ್ಲ.

ಮುಂದಿನ ತಿಂಗಳು ತಿಳಿಯಿತು. ದಸರಾ ರಜೆಯ ನಂತರ ಐದು, ಆರು, ಏಳನೆಯ ಕ್ಲಾಸುಗಳನ್ನು ಮಾರುಕಟ್ಟೆಯ ಕಡೆಯ ದೊಡ್ಡ ರಸ್ತೆಯಾಚೆಗಿನ ಇನ್ನೊಂದು ಶಾಲೆಗೆ ಸೇರಿಸುತ್ತಾರೆ. ಮಕ್ಕಳು ಕಮ್ಮಿ ಎಂದು ಮೇಲಿನವರ ಒತ್ತಾಯವಿತ್ತಂತೆ. ಕೇಳಲು ಹೋದವರಿಗೆ ಹೆಡ್‌ಮಾಸ್ಟರು ಪುಸ್ತಕ ತೋರಿಸಿದರು: ‘ಪೋಷಕರು ಒಪ್ಪಿರುತ್ತಾರೆ.’ ಅದರ ಕೆಳಗಿನ ಮೊದಲ ಸಹಿ ನನ್ನದು.

ಲಾರಿ, ಬಸ್ಸು, ಎತ್ತಿನಗಾಡಿ ಎಲ್ಲ ನುಗ್ಗುವ ರಸ್ತೆ ಅದು. ನನ್ನ ಮಗಳನ್ನು ನಾನು ಕೈಹಿಡಿದು ದಾಟಿಸಬಹುದಿತ್ತು. ಇಸ್ತ್ರಿಯಮ್ಮ ಇದ್ದಿಲು ಉರಿಯುವ ಗಾಡಿ ಬಿಟ್ಟು ಹೋಗುವಂತಿರಲಿಲ್ಲ. ಆಕೆಯ ಗಂಡ ಆಗಲೇ ಹೇಳಿಯಾಗಿತ್ತಂತೆ, ಓದಿದ್ದು ಸಾಕು, ಹುಡುಗಿ ಮನೆಮನೆಯಿಂದ ಬಟ್ಟೆ ತರಲಿ ಎಂದು.

ನಾನು ಮಾಡಿದ್ದು ಒಂದೇ. ಶನಿವಾರ ಆಂಜನೇಯನಿಗೆ ಕಾಯಿ ಒಡೆಸಿ, ಹೇಗಾದರೂ ತಪ್ಪಿಸಪ್ಪ ಎಂದು ಬೇಡಿಕೊಂಡೆ. ಗುಡಿಯಿಂದ ಬಂದರೆ ಇಸ್ತ್ರಿಯಮ್ಮ ನಮ್ಮ ಹೊಸ್ತಿಲಾಚೆ ನಿಂತಿದ್ದಳು. ಪ್ರಸಾದ ಕೊಟ್ಟೆ. ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

‘ದೇವ್ರು ಸಹಿ ಹಾಕಿಲ್ಲಮ್ಮ. ಹಾಕಿದ್ದು ನೀವು.’

ಮೇಲಿನ ಕಚೇರಿಗೆ ಹೋಗಿ ಹೇಳಿದರೆ ಹೆಡ್‌ಮಾಸ್ಟರ ಕೆಲಸಕ್ಕೆ ಕುತ್ತು ಬಂದೀತು, ಏನು ಮಾಡುವುದು ಎಂದು ತೊದಲಿದೆ.

‘ಅವರ ಮೇಲೆ ದೂರು ಹೇಳ್ಬೇಡಿ. ನಿಮ್ಮ ತಪ್ಪು ನೀವು ಹೇಳಿ, ಸಾಕು. ನಮ್ಮೂರಲ್ಲೂ ಐದನೇ ಕ್ಲಾಸು ರಸ್ತೆಯಾಚೆ ಇತ್ತಮ್ಮ. ಅದಕ್ಕೇ ನಂದು ನಾಲ್ಕಕ್ಕೆ ನಿಂತಿದ್ದು.’

ಮನೆಯಲ್ಲಿ ಯಜಮಾನರು ಬೇಡವೆಂದರು. ಸರ್ಕಾರದ ಸಹವಾಸ ನಮಗೇಕೆ ಎಂದರು. ಅಷ್ಟು ವರ್ಷಗಳಲ್ಲಿ ಅವರ ಮಾತು ಮೀರಿದ್ದು ಅದೊಂದೇ ಸಲ. ಸೋಮವಾರ ಆಕೆ ಗಾಡಿಗೆ ಗೋಣಿ ಮುಚ್ಚಿದಳು, ನಾನು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದೆ. ಇಬ್ಬರೂ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದೆವು. ಅಧಿಕಾರಿಗಳು ಕನ್ನಡಕದ ಮೇಲಿಂದ ನೋಡಿ, ‘ಓದಿದೋರ ಹಾಗೆ ಕಾಣ್ತೀರಿ. ಓದದೆ ಸಹಿ ಹಾಕ್ತೀರಾ?’ ಎಂದರು. ‘ಹಾಕಿದೆ ಸಾರ್. ಪುಟ ಖಾಲಿ ಇತ್ತು. ತಪ್ಪು ನನ್ನದು’ ಎಂದೆ. ಹಾಗೆಂದು ಬರೆದುಕೊಡಿ ಎಂದರು. ಬರೆದು ಮುಗಿಸಿದ ಮೇಲೆ ಇಸ್ತ್ರಿಯಮ್ಮ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ನನ್ನ ತಪ್ಪನ್ನು ಇನ್ನೊಬ್ಬರ ಬಾಯಲ್ಲಿ, ಅಷ್ಟು ನಿಧಾನವಾಗಿ ಕೇಳಿದ್ದು ಅದೇ ಮೊದಲು. ‘ಈಗ ಹಾಕಿ’ ಎಂದಳು. ಹಾಕಿದೆ.

ಮುಂದಿನ ಶನಿವಾರ ಅಧಿಕಾರಿಗಳೇ ಬಂದು ಎಲ್ಲ ಪೋಷಕರನ್ನೂ ಶಾಲೆಯ ಅಂಗಳದಲ್ಲಿ ಕೂರಿಸಿ ಕೇಳಿದರು. ಒಪ್ಪಿದವರು ಯಾರೂ ಇರಲಿಲ್ಲ. ತರಗತಿಗಳು ಸದ್ಯಕ್ಕೆ ಇಲ್ಲೇ ಇರಲಿ, ಆದರೆ ಬರುವ ಜೂನ್ ಹೊತ್ತಿಗೆ ಮಕ್ಕಳ ಸಂಖ್ಯೆ ಹೆಚ್ಚಬೇಕು ಎಂದರು. ಹೆಡ್‌ಮಾಸ್ಟರಿಗೆ ಒಂದು ಎಚ್ಚರಿಕೆಯ ಕಾಗದ ಬಂತು, ಅಷ್ಟೇ. ನಾನು ಉಸ್ಸೆಂದೆ. ಇಸ್ತ್ರಿಯಮ್ಮ ಮರುದಿನದಿಂದಲೇ ಬಟ್ಟೆಯ ಗಂಟು ಕೊಡಲು ಹೋದ ಮನೆಯಲ್ಲೆಲ್ಲ, ವಠಾರಗಳಲ್ಲೆಲ್ಲ, ಶಾಲೆ ಬಿಟ್ಟ ಮಕ್ಕಳನ್ನು ವಿಚಾರಿಸತೊಡಗಿದಳು. ‘ಉಳಿಸ್ಕೊಡಿ ಅಂತ ಕೇಳಿದೋರು ನಾವು. ತುಂಬಿಸೋದೂ ನಾವೇ’ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಗವಿಪುರದವರೆಗೂ ಹೋದೆವು. ಜೂನ್‌ನಲ್ಲಿ ಐದನೆಯ ಕ್ಲಾಸಿಗೆ ಇನ್ನೊಂದು ಬೆಂಚು ತರಿಸಬೇಕಾಯಿತು. ನಮ್ಮ ಹುಡುಗಿಯರಿಬ್ಬರೂ ಏಳನೆಯದನ್ನು ಅಲ್ಲೇ ಮುಗಿಸಿದರು.

ಆ ಕಚೇರಿಯಿಂದ ಬಂದ ದಿನದ ಮೇಲೆ ಆಕೆಗೆ ‘ನೀನು’ ಎನ್ನಲು ನನ್ನ ನಾಲಗೆ ಏಳಲಿಲ್ಲ. ಮೊದಲ ಸಲ ‘ನೀವು’ ಎಂದಾಗ ಪೆಟ್ಟಿಗೆ ಎತ್ತಿಹಿಡಿದು ನೋಡಿದಳು. ‘ಏನಮ್ಮ, ಇದ್ದಕ್ಕಿದ್ದಂಗೆ ಮರ್ಯಾದೆ ಜಾಸ್ತಿ ಆಯ್ತು? ಬಟ್ಟೆ ಏನಾದ್ರೂ ಅರ್ಜೆಂಟಾ?’

ಅವರ ಮಗಳು ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ ಮರುವರ್ಷ ಇಸ್ತ್ರಿಯಮ್ಮ ತೀರಿಕೊಂಡರು. ಇದ್ದಿಲ ಹೊಗೆ ಎದೆಗಿಳಿದಿತ್ತು ಎಂದರು ಡಾಕ್ಟರು. ಮರಣ ಪ್ರಮಾಣಪತ್ರಕ್ಕೆ ಮಗಳು ಹೊರಟಾಗ ನಾನೂ ಜೊತೆಗೆ ಹೋದೆ. ಕಚೇರಿಯವರು ಅರ್ಜಿಯನ್ನು ತಾವೇ ಭರ್ತಿ ಮಾಡಿ ಕಿಂಡಿಯಿಂದ ತಳ್ಳಿ, ‘ಬೇಗ ಸಹಿ ಹಾಕಮ್ಮ, ಹಿಂದೆ ಜನ ಇದಾರೆ’ ಎಂದರು.

ಹುಡುಗಿ ಸರಸರನೆ ಓದಬಲ್ಲವಳು. ಆದರೂ ತೋರುಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟಳು. ತಾಯಿಯ ಹೆಸರು, ವಯಸ್ಸು, ವಿಳಾಸ, ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಉದ್ಯೋಗ ಎಂಬಲ್ಲಿ ‘ಮನೆಕೆಲಸ’ ಎಂದು ಬರೆದಿದ್ದರು.

‘ಸಾರ್, ನಮ್ಮಮ್ಮ ಇಸ್ತ್ರಿ ಮಾಡ್ತಿದ್ರು’ ಎಂದಳು.

ಅವರು ಗೊಣಗುತ್ತಾ ಹೊಡೆದುಹಾಕಿ ತಿದ್ದಿದರು. ಅವಳು ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. ನಮ್ಮ ಹಿಂದೆ ಸಾಲು ಬಾಗಿಲು ದಾಟಿತ್ತು, ಯಾರೋ ಲೊಚಗುಟ್ಟಿದರು. ನಾನು ತಿರುಗಿ ನೋಡಲಿಲ್ಲ. ಬೆರಳು ಕೊನೆಯ ಸಾಲಿಗೆ ಬರುವವರೆಗೂ ಪೆನ್ನು ನನ್ನ ಕೈಯಲ್ಲೇ ಇತ್ತು, ಆಮೇಲೆ ಕೊಟ್ಟೆ.