ನಡುಮನೆಯ ನೀಲಿ ಬಲ್ಬು

ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಬರೆಯುವ ರೂಢಿ ಇಲ್ಲ. ಆದರೂ ಅಣ್ಣನ ಮುಂದೆ ಬಾಯಿಬಿಟ್ಟು ಹೇಳಲಾಗದ ಒಂದು ಮಾತು ಉಳಿದಿದೆ, ಅದನ್ನು ಇಲ್ಲಿ ಬರೆಯುತ್ತೇನೆ.

ಹುಬ್ಬಳ್ಳಿಯ ನಮ್ಮ ಓಣಿಗೆ ಆಗಷ್ಟೇ ವಿದ್ಯುತ್ತು ಬಂದಿತ್ತು. ನಮ್ಮ ಮನೆಯಲ್ಲಿದ್ದುದು ಒಂದೇ ದೀಪ, ಅದೂ ಕಿಟಕಿಯಿಲ್ಲದ ನಡುಮನೆಯಲ್ಲಿ. ಅಣ್ಣ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಜೀವವೆಲ್ಲ ಗಿಡಗಳ ಮೇಲೆ. ಹಳಿಯಾಳದ ಕಡೆಯಿಂದ ಕಟ್ಟಿಗೆ ತರುವ ಗಾಡಿಯವನೊಬ್ಬ ಟೊಂಗೆಗೆ ಅಂಟಿಕೊಂಡಿದ್ದ ಸೀತಾಳಿ ಗಿಡವನ್ನು ಅವನಿಗೆ ಕೊಟ್ಟಿದ್ದ. ಅದಕ್ಕೆ ಮಣ್ಣು ಬೇಡ, ಮರದ ಮೈ ಹಿಡಿದು ಬದುಕುತ್ತದೆ. ಹೂವು ಜಡೆಯ ಹಾಗೆ ಇಳಿಬೀಳುತ್ತದೆ. ಧಾರವಾಡದ ಕಾಲೇಜೊಂದರಲ್ಲಿ ಗಿಡಗಳ ಪಾಠ ಹೇಳುವ ಮಾಸ್ತರರು ಅಂಗಡಿಗೆ ಬಂದಾಗ ಅಣ್ಣ ಅದರ ಸುದ್ದಿ ತೆಗೆದ. ಅವರು ಅದನ್ನು ಆರ್ಕಿಡ್ ಎಂದು ಕರೆದರು. ಬಿಸಿಲು ಕಾಣದ ಕೋಣೆಯಲ್ಲಿ ಬರೀ ದೀಪದ ಬೆಳಕಿಗೆ ಅದು ಹೂಬಿಟ್ಟರೆ ಅಣ್ಣನನ್ನು ಕಾಲೇಜಿನ ತೋಟದ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿಹೋದರು. ಅಂದಿನಿಂದ ಅಣ್ಣನಿಗೆ ಬೇರೆ ಧ್ಯಾನವೇ ಇರಲಿಲ್ಲ.

ಮೊದಲು ಕಂದೀಲು ಇಟ್ಟ. ಎಲೆಗೆಲ್ಲ ಮಸಿ ಹಿಡಿಯಿತು. ಗ್ಯಾಸಬತ್ತಿ ತಂದ, ಬೆಳಕಿನಷ್ಟೇ ಕಾವೂ ಜೋರು. ದೊಡ್ಡ ಬಿಳಿ ಗಾಜಿನ ಬಲ್ಬನ್ನು ಎತ್ತರಕ್ಕೆ ಕಟ್ಟಿದರೆ ಎಲೆ ಕಡುಹಸಿರಾಗಿ ಸುಮ್ಮನೆ ಉದ್ದವಾಯಿತು, ಕೆಳಗಿಳಿಸಿದರೆ ತುದಿ ಸುಟ್ಟಿತು. ಅಷ್ಟರಲ್ಲಿ ಅಣ್ಣನ ಅಂಗಡಿಗೆ ನೀಲಿ ಗಾಜಿನ ಬಲ್ಬುಗಳು ಬಂದವು. ದೀಪದ ಬೆಳಕನ್ನು ನಂಬದ ಹೆಂಗಸರು ಸೀರೆಯನ್ನು ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ಬಣ್ಣ ನೋಡುತ್ತಿದ್ದರು. ಈ ಬಲ್ಬಿನಡಿ ಬಿಸಿಲಿನಲ್ಲಿ ಕಂಡ ಹಾಗೆಯೇ ಬಣ್ಣ ಕಾಣುತ್ತಿತ್ತು. ಅಣ್ಣ ಧಣಿಯನ್ನು ಕೇಳಿ ಒಂದು ತಂದ.

"ಸೀರಿ ಬಣ್ಣಕ್ಕ ಇದು ಬಿಸಲ ಅನ್ನಸ್ತಂದ್ರ ಗಿಡಕ್ಕ್ಯಾಕ ಅನ್ನಸಬಾರ್ದು?" ಎಂದು ನನ್ನನ್ನೇ ಕೇಳಿದ.

ಎಲೆಯ ಪಕ್ಕ ಅಂಗೈ ಹಿಡಿದು ನೂರು ಎಣಿಸುತ್ತಿದ್ದ. ಅಂಗೈ ಬೆಚ್ಚಗಾಗದ ಎತ್ತರ ಸಿಕ್ಕಿದ ಮೇಲೆ, ಗಿಡದಿಂದ ಒಂದೂವರೆ ಮೊಳ ಮೇಲೆ ನಿಲ್ಲುವಂತೆ ಬಲ್ಬಿನ ವೈರಿಗೆ ಗಂಟು ಹಾಕಿದ. ಬೆಳಗಿನಿಂದ ಸಂಜೆಯವರೆಗೆ ಬಲ್ಬು ಉರಿಯುತ್ತಿತ್ತು. ಹಗಲು ದೀಪ ಹಚ್ಚುವ ಮನೆ ಎಂದು ಓಣಿಯಲ್ಲಿ ಹೆಸರಾಗಿದೆಯೆಂದು ಅಪ್ಪ ಗೊಣಗುತ್ತಿದ್ದ. ಎಲೆಗಳು ಮಾತ್ರ ಗಿಳಿಹಸಿರಿಗೆ ತಿರುಗಿದವು. ಮರುವರ್ಷ ಬೇಸಿಗೆಗೆ ಮೊಗ್ಗಿನ ಜಡೆಯೊಂದು ಇಳಿಯಿತು. ಸೋಮವಾರ ಬಂದು ನೋಡುವುದಾಗಿ ಮಾಸ್ತರರು ಹೇಳಿ ಕಳಿಸಿದರು.

ಅದಕ್ಕೆ ಮೂರು ದಿನ ಮೊದಲು, ಶುಕ್ರವಾರ ಮಧ್ಯಾಹ್ನ, ನನ್ನನ್ನು ನೋಡಲು ಧಾರವಾಡದಿಂದ ಗಂಡಿನ ಕಡೆಯ ಹೆಂಗಸರು ಬರುವವರಿದ್ದರು. ಅಣ್ಣನಿಗೆ ಅಂಗಡಿ ಬಿಡಲಾಗದು. ಏನು ಬೇಕಾದರೂ ಸರಿಸಿರಿ, ಬಲ್ಬು ಮಾತ್ರ ಮುಟ್ಟಬೇಡಿರಿ ಎಂದು ಹೇಳಿಹೋದ. ನಾನು ತಲೆ ಬಾಚಿಕೊಂಡು ನೀಲಿ ಬೆಳಕಿನಲ್ಲಿ ಕನ್ನಡಿ ನೋಡಿದೆ. ಮುಖದ ಕಪ್ಪು, ಕಲೆ, ಒಂದನ್ನೂ ಬಿಡದೆ ತೋರಿಸಿತು. ಗೂಡಿನಲ್ಲಿದ್ದ ಹಳೆಯ ಬಿಳಿ ಬಲ್ಬಿನ ಬೆಳಕಾದರೆ ಅರಿಷಿಣ ಹಚ್ಚಿದ ಹಾಗೆ. ಅವ್ವ ಹೊರಗಿದ್ದಾಗ ಬಲ್ಬು ಬದಲಿಸಿದೆ. ಬೆಳಕು ನನ್ನ ಮುಖಕ್ಕೆ ಬೀಳಲೆಂದು ಗಂಟೂ ಬಿಚ್ಚಿ ಕೆಳಗಿಳಿಸಿದೆ. ಬಲ್ಬು ಗಿಡದ ಪಕ್ಕಕ್ಕೇ ಇಳಿದು ಮೊಗ್ಗುಗಳಿಗೆ ಗೇಣಳತೆಯಲ್ಲಿ ನಿಂತಿತು. ಹತ್ತು ನಿಮಿಷದ ಕೆಲಸ, ಆಮೇಲೆ ಮೇಲೆತ್ತಿದರಾಯಿತು ಎಂದುಕೊಂಡೆ.

ಬಂದ ಹೆಂಗಸರು ಲಗೂ ಏಳಲಿಲ್ಲ. ಹುಡುಗನ ದೊಡ್ಡವ್ವ ನನ್ನ ಜಡೆ ಬಿಚ್ಚಿಸಿದಳು, ನಡೆಸಿದಳು, ಅಡಿಗೆ ಏನೇನು ಬರುತ್ತದೆಂದು ಕೇಳಿದಳು. ತಲೆ ತಗ್ಗಿಸಿ ಕೂತವಳು ಓರೆಗಣ್ಣಿನಿಂದ ನೋಡುತ್ತಿದ್ದೆ. ಮೊದಲು ತುದಿಯ ಮೊಗ್ಗು ಸುಕ್ಕಾಯಿತು. ಆಮೇಲೆ ಅದರ ಮೇಲಿನದು. ಕೈ ಚಾಚಿದರೆ ವೈರು ಸಿಗುತ್ತಿತ್ತು. ಚಾಚಿದರೆ ಯಾಕೆಂದು ಕೇಳುತ್ತಾರೆ, ಬಲ್ಬಿನ ಮಾತು ಹೊರಬೀಳುತ್ತದೆ. ಕೈ ಎತ್ತಲಿಲ್ಲ.

"ಎದ್ದ ಬಾ ಬಾಗಲಕ," ಎಂದಳು ದೊಡ್ಡವ್ವ.

ಸೀರೆ ಒಯ್ದ ಹಾಗೆ ನನ್ನನ್ನು ಬಾಗಿಲಿಗೆ ಒಯ್ದಳು. ಬಿಸಿಲಿನಲ್ಲಿ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ, ಅವ್ವನಿಗೆ ಹೇಳಿದಳು:

"ಬಣ್ಣ ಇದ್ದದ್ದ ಐತಿ. ನಮ್ಮ ಹುಡುಗನೂ ಏನ ಬೆಣ್ಣಿ ಮುದ್ದಿ ಅಲ್ಲ ಬಿಡ್ರಿ."

ಎಲ್ಲರೂ ನಕ್ಕರು. ಸಂಬಂಧ ಅಲ್ಲೇ ಕುದುರಿತು. ಕಟ್ಟೆಯ ಮೇಲೆ ಮಾತು ಮುಂದುವರಿಯಿತು, ನನ್ನನ್ನು ಒಳಗೆ ಬಿಡಲಿಲ್ಲ. ನಡುಮನೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು.

ಅವರು ಹೋದ ಮೇಲೆ ನೀಲಿ ಬಲ್ಬು ಹಾಕಿ, ಮೊದಲಿದ್ದ ಜಾಗದಲ್ಲೇ ಗಂಟು ಬಿಗಿದೆ. ಸಂಜೆ ಅಣ್ಣ ಬಂದವನು ಗಿಡದ ಹತ್ತಿರ ಹೋದ. ಮೊಗ್ಗಿನ ಜಡೆ ಒಣಗಿ ಕಂದಿತ್ತು. ಅಂಗೈ ಹಿಡಿದು ನೂರು ಎಣಿಸಿದ. ಕಾವಿಲ್ಲ.

"ಬಲ್ಬ ಯಾರರ ಮುಟ್ಟಿದ್ರೇನ, ತಂಗೀ?"

"ಇಲ್ಲಣ್ಣಾ. ಮುಂಜಾನಿಂದ ಅದ ಉರಿಯಾಕತ್ತೇತಿ."

ಮತ್ತೆ ಕೇಳಲಿಲ್ಲ. ನನ್ನ ಮಾತನ್ನು ಅವನು ಎಂದೂ ಎರಡು ಸಲ ಕೇಳಿದವನಲ್ಲ. ಸೋಮವಾರ ಮಾಸ್ತರರಿಗೆ, ನೀಲಿ ಬೆಳಕು ಬಟ್ಟೆಗಷ್ಟೇ ಸರಿ, ಗಿಡಕ್ಕಲ್ಲ ಎಂದು ತಾನಾಗಿಯೇ ಹೇಳಿದ. ಅವರು ಹೌದೆನ್ನುವಂತೆ ತಲೆಯಾಡಿಸಿ ಹೋದರು. ಅಣ್ಣ ಸೀರೆ ಅಂಗಡಿಯಲ್ಲೇ ಉಳಿದ. ನನ್ನ ಮದುವೆಯ ಸೀರೆಯನ್ನು ಅದೇ ನೀಲಿ ಬೆಳಕಿನಲ್ಲಿ ಹಿಡಿದು ಆರಿಸಿಕೊಟ್ಟವನೂ ಅವನೇ. ಗಂಡನ ಮನೆಗೆ ಹೊರಟಾಗ, ತನಗಿನ್ನು ಇದು ಬೇಡ ಎಂದು ಗಿಡವನ್ನೂ ನನ್ನ ಗಾಡಿಯಲ್ಲಿಟ್ಟ.

ಧಾರವಾಡದ ಮನೆಯ ಒಳಕೋಣೆಯಲ್ಲಿ ನಾನು ಗಂಡನಿಂದ ನೀಲಿ ಬಲ್ಬು ತರಿಸಿದೆ. ಒಂದೂವರೆ ಮೊಳಕ್ಕೆ ಗಂಟು. ಅಂಗೈ ಹಿಡಿದು ನೂರು. ಹೂ ಬಂದ ದಿನ ಅಣ್ಣನನ್ನು ಕರೆಸಿ, ಬಲ್ಬು ತೋರಿಸಿ, ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ಮೂರನೆಯ ವರ್ಷ ತುಂಬುಜಡೆ ಅರಳಿತು. ಕರೆಸುವ ಮೊದಲೇ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವನ ದನಿ ಕೇಳಿಸಿತು. ನಾನು ಬಲ್ಬು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡೆ, ಗಿಡ ಎತ್ತಿ ಹಿತ್ತಲ ಬಾಗಿಲಿಗೆ ಇಟ್ಟೆ. ಯಾಕೆ ಹಾಗೆ ಮಾಡಿದೆನೋ, ಕೈ ತಾನೇ ಮಾಡಿತು.

ಅಣ್ಣ ಹೂವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಎಲ್ಲಿಟ್ಟು ಬೆಳೆಸಿದೆ ಎಂದು ಕೇಳಿದ. ಇಲ್ಲೇ, ಬಾಗಿಲ ಬಿಸಿಲಿನಲ್ಲಿ ಎಂದೆ.

"ಹೌದ ಮತ್ತ, ಖರೇ ಬಿಸಲ ಬೇಕಾಗಿತ್ತು ಇದಕ್ಕ," ಎಂದು ನಕ್ಕ. "ನಾ ಒಬ್ಬ ಹುಚ್ಚ."

ಚಹಾ ಕುಡಿದು ಹೋಗು ಎಂದೆ. ಒಲೆಯ ಮುಂದೆ ಕೂತಾಗ ಸೆರಗಿನೊಳಗಿನ ಬಲ್ಬು ಇನ್ನೂ ಬೆಚ್ಚಗಿತ್ತು.