ಪತ್ರೊಡೆಯ ಡಬ್ಬಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದರಲ್ಲಿ ಅದಕ್ಕೂ ಪಾಲು ಉಂಟು.

ನಮ್ಮ ಮನೆ ಕಟಪಾಡಿಯಲ್ಲಿ. ಮಗಳಿಗೆ ಹದಿಮೂರು. ಮಣಿಪಾಲಕ್ಕೆ ಹೋಗುವ ದಾರಿಯ ಒಂದು ಶಟಲ್ ಕ್ಲಬ್ಬಿನಲ್ಲಿ ವಾರಕ್ಕೆ ನಾಲ್ಕು ದಿನ ಅವಳಿಗೆ ತರಬೇತಿ. ಕಲಿಸುವ ಸರ್ ಬಹಳ ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದೆ. ಮಕ್ಕಳಿಗೆ ಕಲಿಸುವವರಿಗೆ ಬರೀ ಫೀಸು ಕೊಟ್ಟರೆ ಮುಗಿಯಿತೇ? ನಮ್ಮಲ್ಲಿ ಹಾಗಿಲ್ಲ. ಅಡುಗೆಮನೆಯಿಂದ ಏನಾದರೂ ಹೋಗಲೇಬೇಕು. ಶನಿವಾರ ಬಂತೆಂದರೆ ಸ್ಟೀಲಿನ ಡಬ್ಬಿಯಲ್ಲಿ ಪತ್ರೊಡೆಯೋ ಎಲೆಯ ಕೊಳವೆಯಲ್ಲಿ ಬೇಯಿಸಿದ ಮೂಡೆಯೋ ಮಗಳ ಕೈಯಲ್ಲಿ ಸರ್‌ಗೆ ಹೋಗುತ್ತಿತ್ತು. ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು.

ಕಾರ್ಕಳದ ಟೂರ್ನಮೆಂಟಿಗೆ ಸರ್ ಅವಳನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಎರಡು ಬಸ್ಸು ಬದಲಾಯಿಸುವ ರಗಳೆ ತಪ್ಪಿತು ಎಂದು ನನಗೆ ಖುಷಿ. ವಾಪಸು ಬಂದವಳು ಊಟ ಬೇಡವೆಂದು ಮಲಗಿದಳು. ಸೋತಿದ್ದಾಳೆ, ಅದಕ್ಕೆ ಎಂದುಕೊಂಡೆ.

ಅದಾಗಿ ಒಂದು ತಿಂಗಳಿಗೆ ಕ್ಲಬ್ಬಿನ ಗೇಟಿನಲ್ಲಿ ಸರ್ ಸಿಕ್ಕಿದರು. "ಎಂತ ಅಕ್ಕ, ಪತ್ರೊಡೆ ಎಲ್ಲ ಬಂದ್ ಮಾಡಿದ್ರಾ?" ಎಂದು ನಕ್ಕರು. ನನಗೆ ಅರ್ಥವಾಗಲಿಲ್ಲ. ಶನಿವಾರ ತಪ್ಪದೆ ಕಳಿಸಿದ್ದೆನಲ್ಲ! ಮನೆಗೆ ಬಂದು ಕೇಳಿದರೆ ಮಗಳು ನೆಲ ನೋಡುತ್ತಾ, ಬಸ್ ಸ್ಟಾಪಿನ ನಾಯಿಗೆ ಹಾಕುತ್ತಿದ್ದೆ ಎಂದಳು.

ಕೆಸುವಿನ ಎಲೆ ಹುಡುಕಿ ಕೊಯ್ದು, ಹಿಟ್ಟು ಅರೆದು, ಹಚ್ಚಿ, ಸುತ್ತಿ, ಬೇಯಿಸಿದ್ದು ನಾಯಿಗೆ! "ಎಂತ ಕೊಬ್ಬು ನಿನಗೆ? ಕಲಿಸುವವರಿಗೆ ಕೊಡುವ ಮರ್ಯಾದೆಯಾ ಇದು?" ಎಂದು ಬಾಯಿಗೆ ಬಂದ ಹಾಗೆ ಬೈದೆ. ಯಾಕೆ ಹಾಕಿದೆ ಎಂದು ಮಾತ್ರ ಕೇಳಲಿಲ್ಲ. ಅದೊಂದು ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಮುಂದಿನ ಶನಿವಾರ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಡಬ್ಬಿಯನ್ನು ಸರ್ ರೂಮಿಗೆ ಹೋಗಿ ಕೊಟ್ಟು, ತಪ್ಪಾಯಿತು ಎಂದು ಹೇಳಿ ಬರಬೇಕು ಎಂದೆ.

"ಅಮ್ಮ, ನೀನೂ ಬಾ," ಎಂದಳು.

"ತಪ್ಪು ಮಾಡಿದ್ದು ನೀನು. ನಾನು ಯಾಕೆ ಬರಬೇಕು?"

"ನಾನು ಹೋಗುವುದಿಲ್ಲ ಅಮ್ಮ."

"ಹೋಗ್ತೀಯೋ ಇಲ್ವೋ?" ಎಂದು ಗದರಿಸಿದೆ. ಹೋದಳು. ನಾನು ಸ್ಕೂಟರಿನ ಮೇಲೆ ಕುಳಿತು ಮೊಬೈಲು ನೋಡಿದೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮಾರಾಟದ ನೈಟಿಗಳ ಫೋಟೋ ಹಾಕಿದ್ದರು. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ್ದು ನೆನಪುಂಟು. ಅವಳು ಬರಿಗೈಯಲ್ಲಿ ಹೊರಗೆ ಬಂದಳು. "ಇಷ್ಟೇ ಅಲ್ವಾ? ಎಷ್ಟು ಸುಲಭ ಇತ್ತು ನೋಡು," ಎಂದೆ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ಅಲಸಂಡೆ ತುಂಡು ಮಾಡುತ್ತಿದ್ದಾಗ, ಬೆನ್ನ ಹಿಂದೆ ನಿಂತು ಹೇಳಿದಳು. ಸರ್ ಬಾಗಿಲು ಹಾಕುತ್ತಾರೆ ಎಂದಳು. ಕಾರ್ಕಳದ ದಾರಿಯಲ್ಲಿ ಕಾರು ನಿಲ್ಲಿಸಿದ್ದರು ಎಂದಳು. ಉಳಿದದ್ದನ್ನೂ ಹೇಳಿದಳು, ಅದು ಅವಳದು, ನಾನು ಇಲ್ಲಿ ಬರೆಯುವುದಿಲ್ಲ. ನಾನು ಅಳಲಿಲ್ಲ. ಒಂದು ಕಟ್ಟು ಅಲಸಂಡೆ ಪೂರ್ತಿ ತುಂಡು ಮಾಡಿ ಮುಗಿಸಿದೆ. ಆಮೇಲೆ ಕೈ ತೊಳೆದು ಅವಳನ್ನು ಹಿಡಿದುಕೊಂಡೆ.

ಕ್ಲಬ್ಬಿಗೆ ತಿಳಿಸಿದ ಮರುದಿನವೇ ಬನ್ನಂಜೆಯಿಂದ ಅವರ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದರು.

"ಆದದ್ದು ಆಗಿಹೋಯಿತು ಅಮ್ಮ. ಆ ಮನುಷ್ಯನನ್ನು ನಾಳೆಯೇ ಕಳಿಸಿಬಿಡ್ತೇವೆ. ಸ್ಟೇಷನ್ನು ಗೀಷನ್ನು ಬೇಡ. ಹೆಣ್ಣು ಮಗು ಅಲ್ವಾ?"

"ಕಳಿಸುವುದು ಎಲ್ಲಿಗೆ ಮಾರಾಯ್ರೆ? ಕಾಪುವಿಗಾ? ಅಲ್ಲಿ ಮಕ್ಕಳಿಲ್ವಾ?"

ಅವರು ಚಾ ಕುಡಿಯದೆ ಎದ್ದರು. ಪೊಲೀಸರ ಹತ್ತಿರ ಹೇಳುತ್ತೀಯಾ ಎಂದು ಮಗಳನ್ನು ಕೇಳಿದೆ. ಹೇಳುತ್ತೇನೆ ಎಂದಳು. ದೂರು ಕೊಟ್ಟೆವು. ಬೇಲಿಯೇ ಹೊಲ ಮೇಯ್ದ ಹಾಗಾಯಿತು ಎಂದು ನೆರೆಕರೆಯವರು ಮರುಗಿದರು. ಆ ಬೇಲಿಯ ಬಾಯಿಗೆ ಮಗಳನ್ನು ಅಟ್ಟಿದವಳು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ.

ಹೇಳಿಕೆ ಬರೆದುಕೊಳ್ಳಲು ಪೊಲೀಸ್ ಮೇಡಂ ಒಬ್ಬರು ಚೂಡಿದಾರದಲ್ಲಿ ಮನೆಗೇ ಬಂದರು. ಘಟ್ಟದ ಮೇಲಿನವರು, ಅವರಿಗೆ ತುಳು ಬಾರದು. ಮನೆಯಲ್ಲಿ ತುಳು ಮಾತಾಡುವ ನನ್ನ ಮಗಳು ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಒಂದೊಂದೇ ಶಬ್ದ ಬಿಡಿಸಿ ಕನ್ನಡದಲ್ಲಿ ಹೇಳಿದಳು. ನಾನು ಪಕ್ಕದಲ್ಲಿ ಕುಳಿತು ಕೇಳಿದೆ. ಏನೂ ಅನಿಸಲಿಲ್ಲ. ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದುತ್ತಿದ್ದೆ.

"ಕೊನೆಯ ಸಲ ಯಾವಾಗ ಪುಟ್ಟಾ?" ಎಂದು ಮೇಡಂ ಕೇಳಿದರು.

"ಪತ್ರೊಡೆ ಕೊಡಲು ಹೋದ ಶನಿವಾರ."

"ಆ ದಿನ ಯಾಕೆ ಹೋದೆ? ಯಾರಾದರೂ ಹೋಗು ಅಂದ್ರಾ?"

ಮಗಳು ನನ್ನ ಕಡೆ ನೋಡಲಿಲ್ಲ. "ಇಲ್ಲ. ನಾನೇ ಹೋದದ್ದು. ಅಮ್ಮನಿಗೆ ಗೊತ್ತೇ ಇಲ್ಲ," ಎಂದಳು.

ಮೇಡಂ ಬರೆಯತೊಡಗಿದರು. ಪೆನ್ನು ಸಾಗುವುದನ್ನು ಎರಡು ಸಾಲಿನಷ್ಟು ನೋಡಿದೆ. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತಿತ್ತು, ಅವಳು ಅದನ್ನು ಒಬ್ಬಳೇ ಹೊತ್ತುಕೊಳ್ಳುತ್ತಿದ್ದಳು.

"ಆ ಸಾಲು ಹೊಡೆದು ಹಾಕಿ ಮೇಡಂ," ಎಂದೆ.

"ಅಮ್ಮ, ಬೇಡ," ಎಂದು ಮಗಳು ನನ್ನ ಸೆರಗು ಹಿಡಿದಳು.

"ಅವಳು ಹೋಗುವುದಿಲ್ಲ ಅಂದಳು. ನನ್ನನ್ನೂ ಬಾ ಎಂದು ಕರೆದಳು. ನಾನೇ ಗದರಿಸಿ ಕಳಿಸಿದ್ದು. ಹಾಗೇ ಬರೆಯಿರಿ."